ಕೋವಿಯೂ ಮತವೂ

ಚುನಾವಣೆ ಬಂದಿತೆಂದರೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಎರಡು ಕೆಲಸಗಳು ತಪ್ಪಿದ್ದಲ್ಲ. ತಾವು ಪಾಠ ಹೇಳುವ ಕೊಠಡಿಯನ್ನು ಮತಗಟ್ಟೆಗಾಗಿ ತೆರವು ಮಾಡಿಕೊಡುವುದು ಒಂದು; ಬೇರೊಂದು ಊರಿನ ಕೊಠಡಿಯಲ್ಲಿ ಕುಳಿತು ಅಲ್ಲಿಯವರ ಬೆರಳಿಗೆ ಶಾಯಿ ಹಚ್ಚುವುದು ಇನ್ನೊಂದು. ಇವೆರಡನ್ನೂ ಮಾಡುತ್ತ ಬಂದಿರುವ ನಮಗೆ ಮತದಾನದ ಬೆಲೆ ಪುಸ್ತಕಗಳಿಂದ ತಿಳಿದುದಕ್ಕಿಂತ ಹೆಚ್ಚಾಗಿ ಆ ಬೆರಳುಗಳಿಂದ ತಿಳಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಅಡಿಕೆ ಸುಲಿದು ಕರೆಗಟ್ಟಿದ ಬೆರಳು, ಬೀಡಿ ಕಟ್ಟಿ ಸವೆದ ಬೆರಳು, ವೀಳ್ಯದ ಸುಣ್ಣ ಮೆತ್ತಿದ ಬೆರಳು, ಇವೆಲ್ಲಕ್ಕೂ ಆ ದಿನ ಒಂದೇ ತೂಕ.

ನಮ್ಮ ಕಡೆಯಲ್ಲಿ ಚುನಾವಣೆಯ ಕಾಲಕ್ಕೆ ಮತ್ತೊಂದು ಪದ್ಧತಿಯೂ ಉಂಟು. ಪರವಾನಗಿಯ ಕೋವಿಯುಳ್ಳ ಕೃಷಿಕರಿಗೆ ಅದನ್ನು ಪೊಲೀಸು ಠಾಣೆಯಲ್ಲಿ ತಂದಿರಿಸಬೇಕೆಂಬ ಆಜ್ಞೆ ಬರುತ್ತದೆ. ಮತಗಳ ಎಣಿಕೆ ಮುಗಿದ ತರುವಾಯ ಅವರು ಅದನ್ನು ಮರಳಿ ಒಯ್ಯುತ್ತಾರೆ. “ಮಾಷ್ಟ್ರೇ, ಚುನಾವಣೆಯ ನೀತಿಸಂಹಿತೆ ನಮಗೆ ಉಂಟು, ಒಪ್ಪಿದೆ. ಕಾಡುಹಂದಿಗೆ ಉಂಟೋ?” ಎಂದು ತೋಟದ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಉತ್ತರ ನಮ್ಮಲ್ಲಿರಲಿಲ್ಲ. ಆದರೆ ಆ ಪ್ರಶ್ನೆಯಲ್ಲಿ ನಮ್ಮ ದೇಶದ ಒಂದು ನಿರ್ಧಾರ ಅಡಗಿದೆ. ಮತವೂ ಕೋವಿಯೂ ಒಂದೇ ಚಾವಡಿಯಲ್ಲಿ ಕೂರತಕ್ಕದ್ದಲ್ಲವೆಂದು ನಾವು ತೀರ್ಮಾನಿಸಿಕೊಂಡಿದ್ದೇವೆ.

ಕೋವಿಯೇ ಮತವನ್ನು ನಡೆಸುವ ದೇಶವೊಂದು ಭೂಗೋಳದ ಆಚೆಯ ಬದಿಯಲ್ಲಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ರಾಷ್ಟ್ರಾಧ್ಯಕ್ಷರ ಚುನಾವಣೆ ಒದಗಿದಾಗಲೆಲ್ಲ ಅಲ್ಲಿನ ಬಂದೂಕುದಾರರಲ್ಲಿ ಬಹುಮಂದಿ ಒಂದು ಧರ್ಮಸಂಕಟಕ್ಕೆ ಸಿಲುಕುತ್ತಾರೆ. ತಮ್ಮ ಹಕ್ಕನ್ನು ಕಾಯುವೆನೆಂದು ಹೇಳುವ ಹುರಿಯಾಳು ನಂಬತಕ್ಕವನೆಂದು ತೋರುವುದಿಲ್ಲ. ಎದುರಾಳಿಯೋ ಆ ಹಕ್ಕನ್ನು ಮೊಟಕು ಮಾಡುವೆನೆಂದು ಬಾಯಿಬಿಟ್ಟೇ ಹೇಳುತ್ತಾನೆ. ಅರೆಮನಸ್ಸಿನಿಂದ ಮೊದಲನೆಯವನಿಗೆ ಮತ ಕೊಡುವುದೋ, ಗೆಲ್ಲಲಾರದ ಮೂರನೆಯವನಿಗೆ ಕೊಡುವುದೋ, ಮನೆಯಲ್ಲೇ ಕೂರುವುದೋ? ಸಮಾಜಪಾಠ ಹೇಳುವವರಾದ ನಮಗೆ ಈ ಸಂಕಟವು ವಿಚಾರಯೋಗ್ಯವಾಗಿ ಕಂಡಿದೆ. ಗಡಿನಾಡಿನ ಕನ್ನಡಿಗರಿಗೆ ಅದು ತೀರ ಅಪರಿಚಿತವೂ ಅಲ್ಲ.

ಮೊದಲು ಆ ಹಕ್ಕಿನ ಸ್ವರೂಪವನ್ನು ನೋಡೋಣ. 1791ರಲ್ಲಿ ಅಮೆರಿಕಾದ ಸಂವಿಧಾನಕ್ಕೆ ಸೇರಿದ ಹತ್ತು ತಿದ್ದುಪಡಿಗಳಲ್ಲಿ ಎರಡನೆಯದು ಆಯುಧಗಳಿಗೆ ಸಂಬಂಧಿಸಿದ್ದು. ಆ ಒಂದೇ ವಾಕ್ಯದಲ್ಲಿ ನಾಗರಿಕ ಪಡೆಯ ಅಗತ್ಯದ ಮಾತೂ ಇದೆ, ಆಯುಧವಿರಿಸಿಕೊಳ್ಳುವ ಜನರ ಹಕ್ಕಿನ ಮಾತೂ ಇದೆ. ಹಕ್ಕು ಪಡೆಗೆ ಸೇರಿದ್ದೋ, ಒಬ್ಬೊಬ್ಬ ಪ್ರಜೆಗೆ ಸೇರಿದ್ದೋ ಎಂದು ಪಂಡಿತರು ಬಹುಕಾಲ ವಾದಿಸಿದರು. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೆಲ್ಲರ್ ಮೊಕದ್ದಮೆಯಲ್ಲಿ ಅದು ಒಬ್ಬೊಬ್ಬ ಪ್ರಜೆಯ ಹಕ್ಕೆಂದು ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಹೌದೆಂದರು, ನಾಲ್ವರು ಅಲ್ಲವೆಂದರು. ಒಬ್ಬ ನ್ಯಾಯಾಧೀಶನ ಅಂತರ! ನ್ಯಾಯಾಧೀಶರನ್ನು ಹೆಸರಿಸುವವನು ರಾಷ್ಟ್ರಾಧ್ಯಕ್ಷನು. ಸೆನೆಟ್ಟು ಒಪ್ಪಿದರೆ ಅವರು ಆಜೀವ ಪರ್ಯಂತ ಪೀಠದಲ್ಲಿರುತ್ತಾರೆ. ಮುಂದೆ ನಾವು ಹೇಳಲಿರುವುದಕ್ಕೆಲ್ಲ ಈ ಸಂಗತಿಯೇ ಕೀಲಿಕೈ.

ಕೋವಿ ಇರಿಸಿಕೊಂಡವರನ್ನೆಲ್ಲ ರಕ್ತಪಿಪಾಸುಗಳೆಂದು ಭಾವಿಸುವುದು ಸಲ್ಲದು. 2023ರಲ್ಲಿ ಪ್ಯೂ ಸಂಶೋಧನ ಕೇಂದ್ರದವರು ಕೇಳಿ ನೋಡಿದಾಗ ಅಮೆರಿಕಾದ ವಯಸ್ಕರಲ್ಲಿ ನೂರಕ್ಕೆ 32 ಮಂದಿ ತಮ್ಮಲ್ಲಿ ಕೋವಿಯಿದೆಯೆಂದರು. ಅವರಲ್ಲಿ ಜಿಂಕೆಯ ಬೇಟೆಯನ್ನು ತಂದೆಯಿಂದ ಕಲಿತವರಿದ್ದಾರೆ. ಠಾಣೆಯಿಂದ ದೂರದ ಒಂಟಿ ಮನೆಯಲ್ಲಿ ವಾಸಿಸುವವರಿದ್ದಾರೆ. ನಮ್ಮ ನೆರೆಯ ಕೊಡಗನ್ನು ಬಲ್ಲವರಿಗೆ ಈ ಭಾವ ಅರ್ಥವಾಗದ್ದಲ್ಲ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾನೂನಿನ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯುಂಟು. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಒಂದು ವಸ್ತುವು ಮನೆತನದ ಮಾನದೊಂದಿಗೆ ಬೆಸೆದುಕೊಂಡಾಗ ಅದನ್ನು ಕುರಿತ ಕಾನೂನು ಬರಿಯ ಕಾನೂನಾಗಿ ಉಳಿಯುವುದಿಲ್ಲ.

ಆದರೆ ಇನ್ನೊಂದು ಮುಖವನ್ನು ಮರೆಮಾಚಿದರೆ ನಾವು ಉಪಾಧ್ಯಾಯರಲ್ಲ. 2021ರ ಒಂದು ವರ್ಷದಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚಿನವರು ತಮ್ಮ ಕೈಯಿಂದಲೇ ಸತ್ತವರು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಎಳೆಯ ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಒಬ್ಬನು ಕೊಂದನು. 2022ರಲ್ಲಿ ಟೆಕ್ಸಾಸಿನ ಯುವಾಲ್ಡಿ ಎಂಬಲ್ಲಿ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಹತರಾದರು. ಹಾಜರಿ ಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿಯುವ ನಮಗೆ 19 ಎಂಬುದು ಬರಿಯ ಅಂಕಿಯಲ್ಲ. ಒಂದು ತರಗತಿಯ ಹೆಸರುಗಳಷ್ಟೂ ಅದರಲ್ಲಿವೆ. ಅಮೆರಿಕಾದ ಮತದಾರನು ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಹಕ್ಕಿದ್ದರೆ ಇನ್ನೊಂದರಲ್ಲಿ ಇವೂ ಇವೆ. ಇದನ್ನು ಬಲ್ಲ ಬಂದೂಕುದಾರರೂ ಅಲ್ಲಿ ಬಹಳ ಮಂದಿ. ಕೋವಿಯನ್ನು ಖಾಸಗಿಯಾಗಿ ಮಾರುವಾಗಲೂ ಕೊಳ್ಳುವವನ ಪೂರ್ವಾಪರವನ್ನು ವಿಚಾರಿಸಬೇಕೆಂಬುದನ್ನು ಕೋವಿಯುಳ್ಳವರಲ್ಲೇ ಬಹುಪಾಲು ಜನರು ಒಪ್ಪುತ್ತಾರೆಂದು ಅಲ್ಲಿನ ಸಮೀಕ್ಷೆಗಳು ತೋರಿಸಿವೆ.

ಇನ್ನು ಹುರಿಯಾಳುಗಳ ಕಥೆ. ಬಂದೂಕುದಾರರ ದೊಡ್ಡ ಸಂಘವಾದ ರಾಷ್ಟ್ರೀಯ ರೈಫಲ್ ಸಂಘವು 1871ರಲ್ಲಿ ಹುಟ್ಟಿತು. ಗುರಿ ಹೊಡೆಯುವುದನ್ನು ಕಲಿಸುವುದೇ ಅದರ ಮೊದಲ ಉದ್ದೇಶವಾಗಿತ್ತು. ನೂರು ವರ್ಷಗಳಿಗೂ ಮಿಕ್ಕಿ ಬಾಳಿದ ಬಳಿಕ, 1980ರಲ್ಲಿ, ಅದು ಮೊದಲ ಬಾರಿಗೆ ರಾಷ್ಟ್ರಾಧ್ಯಕ್ಷ ಪದವಿಯ ಹುರಿಯಾಳೊಬ್ಬರಿಗೆ ಬಹಿರಂಗ ಬೆಂಬಲವನ್ನಿತ್ತಿತು. ಅವರು ರೊನಾಲ್ಡ್ ರೇಗನ್. ಅವರಾದರೂ ನಿಷ್ಕಳಂಕರೇ? 1967ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರಾಗಿದ್ದಾಗ, ಗುಂಡು ತುಂಬಿದ ಕೋವಿಯನ್ನು ಬೀದಿಯಲ್ಲಿ ಹೊತ್ತು ತಿರುಗುವುದನ್ನು ನಿಷೇಧಿಸಿದ ಕಾನೂನಿಗೆ ಸಹಿ ಹಾಕಿದವರು ಅವರೇ. ಅಧ್ಯಕ್ಷರಾದ ಮೇಲೆ 1986ರಲ್ಲಿ ಬಂದೂಕುದಾರರ ರಕ್ಷಣೆಯ ಕಾನೂನಿಗೆ ಸಹಿ ಮಾಡಿದರು. ಆ ಕಾನೂನಿನಲ್ಲೇ ಹೊಸ ಯಂತ್ರಕೋವಿಗಳು ಪ್ರಜೆಗಳಿಗೆ ದೊರೆಯದಂತೆ ಮಾಡುವ ವಿಧಿಯೂ ಇತ್ತು. ಕೊಟ್ಟ ಕೈಯೇ ಸ್ವಲ್ಪ ಕಸಿದುಕೊಂಡಿತು.

ಅವರ ಬಳಿಕ ಬಂದ ಹಿರಿಯ ಬುಷ್ಷರನ್ನು ಸಂಘವು 1988ರಲ್ಲಿ ಬೆಂಬಲಿಸಿತು. ಮರುವರ್ಷವೇ ಅವರು ಕೆಲವು ಬಗೆಯ ಅರೆಸ್ವಯಂಚಾಲಿತ ಬಂದೂಕುಗಳ ಆಮದನ್ನು ನಿಲ್ಲಿಸಿದರು. ಬಂದೂಕುದಾರರು ಮುನಿದರು, 1992ರಲ್ಲಿ ಸಂಘವು ಯಾರನ್ನೂ ಬೆಂಬಲಿಸದೆ ಮೌನ ತಾಳಿತು. ಆ ವರ್ಷ ರಾಸ್ ಪೆರೋ ಎಂಬ ಮೂರನೆಯ ಹುರಿಯಾಳೂ ಕಣದಲ್ಲಿದ್ದರು. ಬುಷ್ಷರು ಸೋತರು. ಸೋಲಿಗೆ ಹಣಕಾಸಿನ ಮುಗ್ಗಟ್ಟು ಮೊದಲಾದ ಅನ್ಯ ಕಾರಣಗಳೂ ಇದ್ದುವೆಂಬುದನ್ನು ಮರೆಯಲಾಗದು. ಗೆದ್ದ ಕ್ಲಿಂಟನ್ನರು 1993ರಲ್ಲಿ ಬ್ರಾಡಿ ಕಾನೂನಿಗೆ ಸಹಿ ಹಾಕಿದರು. ಅದರಂತೆ ಕೈಕೋವಿಯನ್ನು ಕೊಳ್ಳುವವನು ಐದು ದಿನ ಕಾಯಬೇಕಾಯಿತು. 1994ರಲ್ಲಿ ಹಲವು ಅರೆಸ್ವಯಂಚಾಲಿತ ಬಂದೂಕುಗಳ ತಯಾರಿಕೆಯನ್ನೂ ಮಾರಾಟವನ್ನೂ ಹತ್ತು ವರ್ಷಗಳ ಕಾಲ ನಿಷೇಧಿಸುವ ಕಾನೂನು ಬಂದಿತು. ಮಕ್ಕಳ ಪ್ರಾಣ ಉಳಿಯಬೇಕೆಂದು ಹಂಬಲಿಸುತ್ತಿದ್ದವರಿಗೆ ಅದು ಬಹುದಿನಗಳ ಪ್ರಯತ್ನದ ಫಲವಾಗಿತ್ತು. ಅಲ್ಪದೋಷಿಯನ್ನು ಶಿಕ್ಷಿಸಹೋಗಿದ್ದ ಬಂದೂಕುದಾರರಿಗೋ, ಮೆಳ್ಳೆಗಣ್ಣನ್ನು ಹಳಿದು ಕುರುಡುಗಣ್ಣನ್ನು ಕಟ್ಟಿಕೊಂಡಂತಾಯಿತು.

ಇಲ್ಲಿಂದ ಮುಂದೆ ಆ ಸಮುದಾಯದಲ್ಲಿ ಎರಡು ಪಂಥಗಳು ಗಟ್ಟಿಯಾದವು. ಒಂದು ಪಂಥದವರ ವಾದ ಹೀಗೆ: ಅಪೂರ್ಣನಿಗೆ ಮತ ಕೊಡುತ್ತ ಹೋದರೆ ಪಕ್ಷವು ಪ್ರತಿಸಲವೂ ಅಪೂರ್ಣನನ್ನೇ ನಿಲ್ಲಿಸುವುದು, ಹೇಗಿದ್ದರೂ ಮತ ತಪ್ಪದೆಂದು ತಿಳಿದ ಮೇಲೆ ನಮ್ಮ ಮಾತನ್ನು ಕೇಳುವವರಾರು? ಒಮ್ಮೆ ಸೋಲಿನ ರುಚಿ ತೋರಿಸಿದರೆ ಬುದ್ಧಿ ಬರುವುದು. ಇನ್ನೊಂದು ಪಂಥದವರ ವಾದ ಹೀಗೆ: ಪಾಠ ಕಲಿಸುವ ನಾಲ್ಕು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ನಲವತ್ತು ವರ್ಷ ಬೇಕಾದೀತು, ಮನುಷ್ಯನು ಹೋಗುತ್ತಾನೆ, ಅವನು ನೇಮಿಸಿದ ನ್ಯಾಯಾಧೀಶನು ಉಳಿಯುತ್ತಾನೆ. ಎರಡು ವಾದಗಳಲ್ಲೂ ತಿರುಳಿದೆಯೆಂದು ನಮಗೆ ತೋರುತ್ತದೆ. ತಿರುಳಿಲ್ಲದ ವಾದವಾಗಿದ್ದರೆ ಇಷ್ಟು ಚುನಾವಣೆಗಳಲ್ಲಿ ಅದು ಮರುಹುಟ್ಟು ಪಡೆಯುತ್ತಿರಲಿಲ್ಲ.

ಮೂರನೆಯವನಿಗೆ ಕೊಟ್ಟ ಮತದ ಗತಿಯನ್ನು ತಿಳಿಯಬೇಕಾದರೆ ಅಲ್ಲಿನ ಎಣಿಕೆಯ ಕ್ರಮವನ್ನು ಅರಿಯಬೇಕು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಲಿ. ಅಲ್ಲಿ ರಾಷ್ಟ್ರಾಧ್ಯಕ್ಷರನ್ನು ಆರಿಸುವುದು 538 ಮಂದಿಯ ಮತದಾರ ಮಂಡಲಿ. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಎಂಬೆರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆ, ರಾಜ್ಯದಲ್ಲಿ ಒಂದೇ ಮತ ಹೆಚ್ಚು ಬಂದರೂ ಆ ರಾಜ್ಯದ ಮಂಡಲಿಯ ಸ್ಥಾನಗಳೆಲ್ಲ ಗೆದ್ದವನ ಪಾಲು. ಒಂದು ಶಾಲೆಯಲ್ಲಿ ಏಳು ತರಗತಿಗಳಿವೆಯೆಂದೂ, ತರಗತಿಯಲ್ಲಿ ಹೆಚ್ಚು ಕೈಯೆತ್ತಿಸಿಕೊಂಡವನಿಗೆ ಆ ತರಗತಿಯ ಎಲ್ಲ ಮಕ್ಕಳ ಲೆಕ್ಕವೂ ಸಲ್ಲುವುದೆಂದೂ ಭಾವಿಸಿ. ಪ್ರತಿಯೊಂದು ತರಗತಿಯಲ್ಲೂ ಐದನೆಯ ಒಂದು ಪಾಲು ಮಕ್ಕಳು ಮೆಚ್ಚಿದ ಹುಡುಗನಿಗೆ ಕೊನೆಗೆ ಸಿಕ್ಕುವುದು ಸೊನ್ನೆ. ಪೆರೋ ಅವರಿಗೆ 1992ರಲ್ಲಿ ಒದಗಿದ್ದು ಇದೇ. ದೇಶದಲ್ಲಿ ನೂರಕ್ಕೆ ಸುಮಾರು 19 ಮತಗಳು ಬಿದ್ದರೂ ಮಂಡಲಿಯಲ್ಲಿ ಅವರಿಗೆ ಒಂದು ಸ್ಥಾನವೂ ದೊರೆಯಲಿಲ್ಲ.

2000ದ ಚುನಾವಣೆ ಇನ್ನೂ ಮಾರ್ಮಿಕವಾದುದು. ಫ್ಲಾರಿಡಾ ರಾಜ್ಯದಲ್ಲಿ ಕಿರಿಯ ಬುಷ್ಷರು ಆಲ್ ಗೋರರನ್ನು 537 ಮತಗಳಿಂದ ಮಾತ್ರ ಹಿಂದೆ ಹಾಕಿ ಇಡೀ ದೇಶವನ್ನು ಗೆದ್ದರು. ಅದೇ ರಾಜ್ಯದಲ್ಲಿ ಮೂರನೆಯವರಾದ ರಾಲ್ಫ್ ನೇಡರ್ ಅವರಿಗೆ 97 ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದುವು. ಗೋರರು ತಮ್ಮ ಸ್ವಂತ ರಾಜ್ಯವಾದ ಟೆನೆಸಿಯನ್ನೇ ಸೋತರು. ಅದರ 11 ಸ್ಥಾನಗಳು ದಕ್ಕಿದ್ದರೆ ಫ್ಲಾರಿಡಾದ ಹಂಗೇ ಅವರಿಗಿರುತ್ತಿರಲಿಲ್ಲ. ಕೋವಿಯ ಕಾನೂನುಗಳನ್ನು ಕುರಿತು ಹಳ್ಳಿಗರಿಗಿದ್ದ ಅಸಮಾಧಾನವು ಆ ಸೋಲಿನ ಕಾರಣಗಳಲ್ಲೊಂದೆಂದು ಅನೇಕರು ಬಗೆದರು. ನಮ್ಮ ಸುತ್ತಿನಲ್ಲೂ ಇಂತಹ ಲೆಕ್ಕಗಳು ಉಂಟು. 2004ರಲ್ಲಿ ಕರ್ನಾಟಕದ ಸಂತೆಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದೇ ಒಂದು ಮತ; 2016ರಲ್ಲಿ ನಮ್ಮ ಮಂಜೇಶ್ವರದಲ್ಲಿ 89.

2008ರಲ್ಲೂ 2012ರಲ್ಲೂ ಬಂದೂಕುದಾರರ ಎದುರಿಗೆ ಬಂದವರು ಮತ್ತೆ ಅಪೂರ್ಣರೇ. ಮೆಕೇನರು ಸೆನೆಟರಾಗಿದ್ದಾಗ, ಬಂದೂಕು ಸಂತೆಗಳಲ್ಲಿ ಕೊಳ್ಳುವವರನ್ನು ವಿಚಾರಣೆಗೊಳಪಡಿಸಬೇಕೆಂಬ ಮಸೂದೆಯನ್ನು ತಂದವರು. ರಾಮ್ನಿಯವರು 2004ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರಾಗಿ, ಕೆಲವು ಬಂದೂಕುಗಳ ನಿಷೇಧವನ್ನು ಆ ರಾಜ್ಯದಲ್ಲಿ ಶಾಶ್ವತಗೊಳಿಸಿದವರು. ಸಂಘವು ಇಬ್ಬರನ್ನೂ ಬೆಂಬಲಿಸಿತು, ಇಬ್ಬರೂ ಸೋತರು.

2016ರಲ್ಲಿ ಸಂಕಟ ತುದಿಗೇರಿತು. ಟ್ರಂಪರು 2000ದಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಬಂದೂಕು ನಿಷೇಧವೊಂದನ್ನು ಸಮರ್ಥಿಸಿ ಬರೆದಿದ್ದರು. ಅವರ ನಡೆನುಡಿಗಳನ್ನು ಮೆಚ್ಚದ ಬಂದೂಕುದಾರರೂ ಕಡಿಮೆಯಿರಲಿಲ್ಲ. ಆದರೆ ಆ ವರ್ಷದ ಫೆಬ್ರವರಿಯಲ್ಲಿ ಹೆಲ್ಲರ್ ತೀರ್ಪನ್ನು ಬರೆದಿದ್ದ ನ್ಯಾಯಾಧೀಶ ಸ್ಕಾಲಿಯಾ ತೀರಿಕೊಂಡಿದ್ದರು. ಪೀಠದಲ್ಲಿ ಒಂದು ಸ್ಥಾನ ಬರಿದಾಗಿತ್ತು. ಐದು-ನಾಲ್ಕರ ತೀರ್ಪಿಗೆ ಆ ಸ್ಥಾನವೇ ಪ್ರಾಣ. ಮನುಷ್ಯನನ್ನು ನೋಡಬೇಕೋ, ಪೀಠವನ್ನು ನೋಡಬೇಕೋ? ಬಹುಮಂದಿ ಪೀಠವನ್ನು ನೋಡಿದರು. ಮಿಚಿಗನ್ ರಾಜ್ಯದಲ್ಲಿ ಗೆಲುವಿನ ಅಂತರ ಕೇವಲ 10,704 ಮತಗಳು.

ಫಲವೇನಾಯಿತು? ಟ್ರಂಪರು ಮೂವರು ನ್ಯಾಯಾಧೀಶರನ್ನು ನೇಮಿಸಿದರು. 2022ರ ಬ್ರೂಯೆನ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಆರು-ಮೂರರ ಬಹುಮತದಿಂದ, ಮನೆಯ ಹೊರಗೂ ಕೋವಿ ಹೊತ್ತು ಹೋಗುವ ಹಕ್ಕುಂಟೆಂದು ಹೇಳಿ, ನ್ಯೂಯಾರ್ಕ್ ರಾಜ್ಯದ ನೂರು ವರ್ಷಕ್ಕೂ ಹಳೆಯ ಕಟ್ಟಳೆಯನ್ನು ತೊಡೆದುಹಾಕಿತು. ಪೀಠವನ್ನು ನೋಡಿದವರ ಲೆಕ್ಕ ಅಷ್ಟರಮಟ್ಟಿಗೆ ಫಲಿಸಿತು. ಆದರೆ 2017ರಲ್ಲಿ ಲಾಸ್ ವೇಗಸ್ ನಗರದಲ್ಲಿ ನಡೆದ ಹತ್ಯಾಕಾಂಡದ ಬಳಿಕ, ಬಂದೂಕು ಎಡೆಬಿಡದೆ ಗುಂಡು ಕಾರುವಂತೆ ಮಾಡುವ ಸಾಧನವೊಂದನ್ನು 2018ರಲ್ಲಿ ನಿಷೇಧಿಸಿದ್ದೂ ಅದೇ ಟ್ರಂಪರ ಸರಕಾರ. ಆ ನಿಷೇಧವನ್ನು 2024ರಲ್ಲಿ ನ್ಯಾಯಾಲಯ ರದ್ದುಪಡಿಸಿದಾಗ ಬಹುಮತದ ಆರು ಮಂದಿಯಲ್ಲಿ ಅವರೇ ನೇಮಿಸಿದ ಮೂವರೂ ಇದ್ದರು! ಅದೇ ತಿಂಗಳಲ್ಲಿ, ಮನೆಯವರನ್ನು ಹಿಂಸಿಸುವವನೆಂದು ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನಿಂದ ಕೋವಿಯನ್ನು ದೂರವಿಡುವ ಕಾನೂನನ್ನು ಎಂಟು-ಒಂದರ ಬಹುಮತದಿಂದ ಎತ್ತಿಹಿಡಿಯಲಾಯಿತು. ಆರಿಸಿದವನು ಆರಿಸಿದವರ ಕೈಗೊಂಬೆಯಲ್ಲ. ಅವನು ನೇಮಿಸಿದವರು ಅವನ ಕೈಗೊಂಬೆಗಳೂ ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮಾತಿಗೆ ಬರುತ್ತೇವೆ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡಿಗರು ಕೇರಳದ ಮತದಾರರು. ನಮ್ಮಲ್ಲಿ ಕೋವಿಯ ಪ್ರಶ್ನೆಯಿಲ್ಲ. ನಮ್ಮ ‘ಒಂದೇ ಪ್ರಶ್ನೆ’ ಶಾಲೆಯದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಉಪಾಧ್ಯಾಯರು ಬರುವರೇ? ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ಉತ್ತರ ಬರುವುದೇ? ಈ ಪ್ರಶ್ನೆಗೆ ಗಟ್ಟಿಯಾಗಿ ‘ಹೌದು’ ಎನ್ನುವ ಹುರಿಯಾಳು ಮಿಕ್ಕ ವಿಷಯಗಳಲ್ಲಿ ನಮಗೆ ಒಪ್ಪಿಗೆಯಾಗದಿರಬಹುದು. ಎಲ್ಲದರಲ್ಲೂ ಒಪ್ಪಿಗೆಯಾಗುವವನು ಈ ಪ್ರಶ್ನೆ ಬಂದೊಡನೆ ಮಾತು ಮರೆಸಬಹುದು. ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಅಮೆರಿಕಾದ ಆ ಎರಡು ಪಂಥಗಳೂ ಎದುರುಬದುರಾಗಿ ಕೂರುತ್ತವೆ. “ಒಂದು ಸಲ ಸೋಲಲಿ, ಬುದ್ಧಿ ಬಂದೀತು” ಎನ್ನುವವರು ಒಬ್ಬರು, “ಅಷ್ಟರೊಳಗೆ ಒಂದನೆಯ ತರಗತಿ ಮುಚ್ಚಿಹೋದರೆ?” ಎನ್ನುವವರು ಇನ್ನೊಬ್ಬರು.

ಯಾರಿಗೆ ಮತ ಕೊಡಬೇಕೆಂದು ಹೇಳುವುದು ಉಪಾಧ್ಯಾಯನ ಕೆಲಸವಲ್ಲ, ಹೇಳತಕ್ಕದ್ದೂ ಅಲ್ಲ. ಆದರೆ ಹೇಗೆ ತೂಗಬೇಕೆಂದು ಹೇಳಬಹುದು. ಮೊದಲನೆಯದಾಗಿ, ಈತನು ದೋಷರಹಿತನೇ ಎಂದು ಕೇಳುವುದಕ್ಕಿಂತ, ಈತನನ್ನು ತಿರಸ್ಕರಿಸಿದರೆ ಆ ಸ್ಥಾನಕ್ಕೆ ಯಾರು ಬರುವರೆಂದು ಕೇಳುವುದು ಲೇಸು. ಎರಡನೆಯದಾಗಿ, ಕಳೆದುಕೊಂಡದ್ದು ಮರಳಿ ದೊರೆಯುವಂಥದೇ ಎಂದು ವಿಚಾರಿಸಬೇಕು. ಬಂದೂಕು ನಿಷೇಧವು 2004ರಲ್ಲಿ ತಾನಾಗಿಯೇ ಮುಗಿಯಿತು. ನ್ಯಾಯಾಧೀಶರ ನೇಮಕ ಹಾಗೆ ಮುಗಿಯುವಂಥದಲ್ಲ. ಮುಚ್ಚಿದ ಶಾಲೆಯೂ ಹಾಗೆಯೇ. ಅದರ ಬೀಗ ತೆರೆಯುವಷ್ಟರಲ್ಲಿ ಆ ಊರಿನ ಮಕ್ಕಳು ಬೇರೆ ಭಾಷೆಯಲ್ಲಿ ಅಕ್ಷರ ಕಲಿತಿರುತ್ತಾರೆ. ಮೂರನೆಯದಾಗಿ, ನಮ್ಮ ಒಂದು ಹಕ್ಕಿಗಾಗಿ ಪರರ ಮಕ್ಕಳು ಯಾವ ಬೆಲೆ ತೆರುವರೆಂಬುದನ್ನು ತಕ್ಕಡಿಗೆ ಹಾಕಬೇಕು. ಕೋವಿಯ ವಿಷಯದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಕೇಳದ ಮತದಾರನು ಎಷ್ಟೇ ಜಾಣನಾಗಿದ್ದರೂ ಅವನ ಲೆಕ್ಕ ಪೂರ್ತಿಯಾಗಲಿಲ್ಲವೆಂಬುದೇ ನಮ್ಮ ಅಭಿಮತ. ಭಾಷೆಯ ವಿಷಯದಲ್ಲಿ ನಮಗೂ ಇದೇ ನ್ಯಾಯ. ನಮ್ಮ ಮಗುವಿಗೆ ಕನ್ನಡ ಬೇಕೆನ್ನುವ ನಾವು, ನೆರೆಯ ಮಗುವಿನ ಮಲಯಾಳವನ್ನು ಹಳಿದು ಮತ ಕೇಳುವವನಿಗೆ ಬೆನ್ನು ತೋರಿಸಲೇಬೇಕು.

ಇನ್ನೊಂದು ಮಾತು. ಅಪೂರ್ಣನಿಗೆ ಮತ ಕೊಟ್ಟವನ ಕೆಲಸ ಮತಗಟ್ಟೆಯಲ್ಲಿ ಮುಗಿಯದು. ಅಮೆರಿಕಾದ ಬಂದೂಕುದಾರರ ಬಲವಿರುವುದು ಮತದ ದಿನಕ್ಕಿಂತ ಉಳಿದ ದಿನಗಳಲ್ಲಿ. ಪ್ರತಿನಿಧಿಯು ಪ್ರತಿಯೊಂದು ಮಸೂದೆಯಲ್ಲಿ ಯಾವ ಕಡೆ ಕೈಯೆತ್ತಿದನೆಂದು ಅವರ ಸಂಘವು ಬರೆದಿರಿಸಿ, ನಾವು ಉತ್ತರ ಪತ್ರಿಕೆಗೆ ಅಂಕ ಕೊಡುವಂತೆ ಅವನಿಗೆ ದರ್ಜೆ ಕೊಡುತ್ತದೆ. ಅವರ ಗುರಿಯನ್ನು ಒಪ್ಪದವರೂ ಆ ಶ್ರದ್ಧೆಯನ್ನು ಒಪ್ಪಬೇಕು. ಶಾಲೆಯ ವಿಷಯದಲ್ಲಿ ನಮ್ಮ ಕನ್ನಡ ಸಂಘಗಳೂ ಅಂತಹದೊಂದು ಪುಸ್ತಕವನ್ನು ಇರಿಸಿದರೆ, ಮುಂದಿನ ಸಲ ಕೈಮುಗಿದು ಬರುವ ಹುರಿಯಾಳಿಗೆ ಅದರ ಪುಟವನ್ನು ತೆರೆದು ತೋರಿಸಬಹುದು.

ಏಳನೆಯ ತರಗತಿಯಲ್ಲಿ ಈ ಪಾಠವನ್ನು ಮುಗಿಸಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಯಾರೂ ಒಳ್ಳೆಯವರು ನಿಲ್ಲದಿದ್ದರೆ ಏನು ಮಾಡುವುದು, ಮಾಷ್ಟ್ರೇ?” ಎಂದು ಕೇಳಿದಳು. 2013ರಿಂದ ನಮ್ಮ ಮತಯಂತ್ರದಲ್ಲಿ ‘ನೋಟಾ’ ಎಂಬ ಗುಂಡಿಯಿದೆಯೆಂದೂ, ಅಮೆರಿಕಾದ ನೆವಾಡಾ ರಾಜ್ಯದಲ್ಲಿಯೂ ‘ಇವರಾರೂ ಅಲ್ಲ’ ಎಂಬ ಸಾಲು 1976ರ ಚುನಾವಣೆಯಿಂದ ಇದೆಯೆಂದೂ ನಾವು ತಿಳಿಸಿದೆವು. “ಅದಕ್ಕೆ ಹೆಚ್ಚು ಮತ ಬಿದ್ದರೆ?” ಎಂದಳು. ಆಗಲೂ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುವನೆಂದೆವು. ಅವಳು ತುಸು ಹೊತ್ತು ಯೋಚಿಸಿ, “ಹಾಗಾದರೆ ಒಳ್ಳೆಯವರನ್ನು ಮೊದಲೇ ನಿಲ್ಲಿಸಬೇಕು” ಎಂದು ಹೇಳಿ ಕುಳಿತಳು.